ವೇದಾವತಿ: ನೀರಿನ ಲೆಕ್ಕದಲ್ಲಿ ಬಿಟ್ಟುಹೋದ ಸಾರಜನಕ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರವು 2025ರ ಜನವರಿಯಲ್ಲಿ ಕೋಡಿ ಹರಿದಾಗ ಚಿತ್ರದುರ್ಗ ಜಿಲ್ಲೆ ಸಂಭ್ರಮಪಟ್ಟಿದ್ದು ಸಹಜವೇ ಆಗಿತ್ತು. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆ ಮೊದಲ ಬಾರಿ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಬಾರಿಗೆ ಜಿಲ್ಲೆ 2022ರ ಸೆಪ್ಟೆಂಬರಿನವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಮೂರನೆಯದು ಎರಡೂವರೆ ವರ್ಷದೊಳಗೇ ಬಂತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರೆಯಿಂದ ಎತ್ತಿ ತಂದ ನೀರೂ ಜಲಾಶಯಕ್ಕೆ ಸೇರತೊಡಗಿದ್ದು ಈ ಬದಲಾವಣೆಗೆ ಒಂದು ಕಾರಣ. ಮೂರು ತಲೆಮಾರುಗಳ ಬೇಡಿಕೆ ಈಡೇರುತ್ತಿರುವ ಹೊತ್ತಿನಲ್ಲಿ ಅಪಸ್ವರ ಎತ್ತುವುದು ಯಾರಿಗೂ ಪ್ರಿಯವಾದ ಕೆಲಸವಲ್ಲ. ಆದರೂ ಈ ನೀರಿನ ಚರ್ಚೆಯಲ್ಲಿ ಒಂದು ವಿಷಯ ಪೂರ್ತಿಯಾಗಿ ಬಿಟ್ಟುಹೋಗಿದೆ. ಅದು ನೀರು ಬಂದು ಸೇರುವ ಒಣ ನದಿಪಾತ್ರದ ವಿಷಯ.

ನಮ್ಮಲ್ಲಿ ಬತ್ತಿದ ಹೊಳೆಯನ್ನು ನೋಡುವ ಬಗೆ ಎರಡೇ. ನೀರಾವರಿ ಇಲಾಖೆಗೆ ಅದು ನೀರಿಲ್ಲದ ಕಾಲುವೆ. ಗಣಿ ಇಲಾಖೆಗೆ ಮರಳಿನ ದಾಸ್ತಾನು. ಹೊಳೆ ಹರಿಯದೆ ಇದ್ದಾಗ ಅಲ್ಲಿ ಏನೂ ನಡೆಯುತ್ತಿಲ್ಲ ಎಂಬ ನಂಬಿಕೆ ಎರಡೂ ಕಡೆ ಸಮಾನ. ಕಳೆದ ಎರಡು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ಬುಡಮೇಲು ಮಾಡಿದೆ. ಒಣ ಪಾತ್ರ ಸತ್ತ ಜಾಗವಲ್ಲ; ಅಲ್ಲಿ ಇಂಗಾಲ ಮತ್ತು ಸಾರಜನಕ ಎರಡೂ ಸೇರುತ್ತವೆ, ರೂಪ ಬದಲಿಸುತ್ತವೆ, ಕಾಯುತ್ತವೆ, ಮೊದಲ ನೀರು ಮುಟ್ಟಿದೊಡನೆ ಒಮ್ಮೆಲೇ ಹೊರಡುತ್ತವೆ. ಸುತ್ತಲೂ ಗೊಬ್ಬರ ಹಾಕಿ ಬೆಳೆಯುವ ಹೊಲಗಳಿದ್ದರಂತೂ ಈ ಹೊರಡುವಿಕೆಯ ಪರಿಣಾಮ ನೇರವಾಗಿ ಕುಡಿಯುವ ನೀರಿನ ಬಾವಿಗೆ ತಟ್ಟುತ್ತದೆ.

ಬಯಲುಸೀಮೆಯ ಹೊಳೆ

ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಬಳಿ ಒಂದಾಗಿ ವೇದಾವತಿ ಎನಿಸಿಕೊಳ್ಳುತ್ತವೆ. ಮಲೆನಾಡಿನ ಅಂಚಿನಲ್ಲಿ ಹುಟ್ಟಿದರೂ ಹೊಳೆಯ ಬದುಕೆಲ್ಲ ಬಯಲುಸೀಮೆಯಲ್ಲೇ. ಮಾರಿಕಣಿವೆ ದಾಟಿ ಹಿರಿಯೂರು, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಸಾಗಿ, ಆಂಧ್ರದ ಅನಂತಪುರ ಜಿಲ್ಲೆಗೆ ಹೊಕ್ಕು ಭೈರವಾನಿತಿಪ್ಪ ಜಲಾಶಯ ಸೇರಿ, ಅಲ್ಲಿಂದ ಮತ್ತೆ ಬಳ್ಳಾರಿ ಜಿಲ್ಲೆಗೆ ಮರಳಿ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಗೆ ಕೂಡುತ್ತದೆ. ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಈ ದಾರಿಯೂ ಒಂದು. ದೇಶದ ಬಿಸಿ ಒಣ ವಲಯದ ಪಟ್ಟಿಯಲ್ಲಿ ರಾಜಸ್ಥಾನ, ಗುಜರಾತುಗಳ ಜೊತೆಗೆ ಕರ್ನಾಟಕದ ಸುಮಾರು 8.6 ಲಕ್ಷ ಹೆಕ್ಟೇರ್ ಭೂಮಿಯೂ ಇದೆ ಎಂಬುದು ಕರಾವಳಿ, ಮಲೆನಾಡಿನ ಓದುಗರಿಗೆ ಆಶ್ಚರ್ಯವೆನಿಸಬಹುದು. ಚಳ್ಳಕೆರೆ, ಮೊಳಕಾಲ್ಮುರು, ಬಳ್ಳಾರಿಯ ಜನಕ್ಕೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಮಳೆ ಎಂದರೆ ಬೇಸಿಗೆಯ ಕೊನೆಯ ಒಂದೆರಡು ಗುಡುಗು ಮಳೆ, ಆನಂತರ ದೀರ್ಘ ವಿರಾಮ, ಕೊನೆಗೆ ಹಸ್ತ ಚಿತ್ತೆಯ ಕಾಲಕ್ಕೆ ಬಂದರೆ ಬಂತು. ಹೊಳೆ ವರ್ಷದ ಬಹುಪಾಲು ಮರಳ ಹಾಸಿಗೆ. ಆ ಮರಳಿನಲ್ಲಿ ಒರತೆ ತೋಡಿ ಬಿಂದಿಗೆ ತುಂಬಿಸಿಕೊಂಡದ್ದು, ಕುರಿಗಳಿಗೆ ನೀರು ಕುಡಿಸಿದ್ದು ಇಲ್ಲಿನ ಹಿರಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಮೇಲೆ ಒಣಗಿದ್ದರೂ ಒಳಗೆ ನೀರು ನಿಧಾನವಾಗಿ ನಡೆಯುತ್ತಿರುತ್ತದೆ ಎಂಬ ತಿಳಿವಳಿಕೆ ಆ ಒರತೆಯಲ್ಲೇ ಇತ್ತು. ಸಂಶೋಧಕರು ಈಗ ಹೇಳುತ್ತಿರುವುದರ ಅರ್ಧಭಾಗ ಅದೇ.

ಜಗತ್ತಿನ ಹೊಳೆಗಳಲ್ಲಿ ವೇದಾವತಿ ಅಪವಾದವೂ ಅಲ್ಲ. ಮ್ಯಾಥಿಸ್ ಮೆಸೇಜರ್ ಮತ್ತು ಸಂಗಡಿಗರು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಭೂಮಿಯ ಮೇಲಿನ ನದಿ ತೊರೆಗಳ ಒಟ್ಟು ಉದ್ದದಲ್ಲಿ ಶೇ 51ರಿಂದ 60ರಷ್ಟು ವರ್ಷಕ್ಕೆ ಒಂದು ದಿನವಾದರೂ ಹರಿಯುವುದನ್ನು ನಿಲ್ಲಿಸುತ್ತವೆ. ಸದಾ ಹರಿಯುವ ನದಿಯೇ ನಿಜವಾದ ನದಿ ಎಂಬ ಪಠ್ಯಪುಸ್ತಕದ ಕಲ್ಪನೆ ಅಲ್ಪಸಂಖ್ಯಾತ ನದಿಗಳನ್ನು ನೋಡಿ ಬರೆದದ್ದು ಎಂದಾಯಿತು.

ಒಣ ಪಾತ್ರದೊಳಗೆ ನಡೆಯುವುದೇನು?

ಮೊದಲು ಇಂಗಾಲ. ಹೊಳೆ ನಿಂತ ಮೇಲೆ ಪಾತ್ರದಲ್ಲಿ ಪಾಚಿ ಒಣಗುತ್ತದೆ, ಜೊಂಡು ಬಾಡುತ್ತದೆ, ದಡದ ಹೊಂಗೆ, ಬಳ್ಳಾರಿ ಜಾಲಿಗಳ ಎಲೆ ಉದುರಿ ಗಾಳಿಗೆ ತಗ್ಗುಗಳಲ್ಲಿ ಗುಡ್ಡೆಯಾಗುತ್ತದೆ. ಬೇಸಾಯದ ಊರುಗಳಲ್ಲಿ ಇದರ ಮೇಲೆ ಈರುಳ್ಳಿ ಸಿಪ್ಪೆ, ಶೇಂಗಾ ಹೊಟ್ಟು, ಕೊಟ್ಟಿಗೆಯ ಕಸವೂ ಬಂದು ಬೀಳುತ್ತದೆ. ಕುರಿ ಮಂದೆ ಹಾದು ಹೋದ ದಾರಿಯಲ್ಲಿ ಹಿಕ್ಕೆ, ಗಂಜಲ. ನೀರಿಲ್ಲದೆ ಇದಾವುದೂ ಬೇಗ ಕೊಳೆಯುವುದಿಲ್ಲ; ತಿಂಗಳುಗಟ್ಟಲೆ ಹಾಗೆಯೇ ಕಾಯುತ್ತದೆ. ಮೊದಲ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮಲಗಿದ್ದ ಸೂಕ್ಷ್ಮಜೀವಿಗಳು ಎದ್ದು ಈ ಸಂಗ್ರಹವನ್ನು ಉಣ್ಣತೊಡಗುತ್ತವೆ, ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಹೊರಬರುತ್ತದೆ. ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಮಣ್ಣುವಿಜ್ಞಾನಿ ಎಚ್.ಎಫ್. ಬರ್ಚ್ 1958ರಲ್ಲಿ ಒಣಗಿ ನೆನೆದ ಮಣ್ಣಿನ ಈ ಗುಣವನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು ಉಳಿದಿದೆ. ಒಣಗಿದ ಮಣ್ಣು ನೆನೆದಾಗ ಇಂಗಾಲವಷ್ಟೇ ಅಲ್ಲ, ಬೆಳೆಗೆ ಸಿಗುವ ಸಾರಜನಕವೂ ಏರುತ್ತದೆ ಎಂಬುದನ್ನು ಅವರು ತೋರಿಸಿದ್ದರು. ಮೊದಲ ಮಳೆಯ ಬೆನ್ನಿಗೆ ಹೊಲ ಹಸಿರೇರುವುದನ್ನು ಕಂಡಿರುವ ನಮ್ಮ ರೈತರಿಗೆ ಇದು ಕಣ್ಣೆದುರಿನ ಸಂಗತಿ.

ಈ ಕ್ರಿಯೆ ನದಿಪಾತ್ರಗಳಲ್ಲಿ ಎಷ್ಟು ದೊಡ್ಡದು ಎಂಬುದನ್ನು ಅಳೆಯುವ ಎರಡು ಜಾಗತಿಕ ಪ್ರಯತ್ನಗಳು ಇತ್ತೀಚೆಗೆ ನಡೆದಿವೆ. ಫ್ರಾನ್ಸಿನ ಥಿಬೋ ದಾತ್ರಿ ಅವರ ಮುಂದಾಳುತನದಲ್ಲಿ 22 ದೇಶಗಳ 212 ಒಣ ಪಾತ್ರಗಳಿಂದ ಎಲೆಕಸ ಸಂಗ್ರಹಿಸಿ ನೆನೆಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 2020ರಲ್ಲಿ ಫಿಲಿಪ್ ಕೆಲ್ಲರ್ ಮತ್ತು ಸಂಗಡಿಗರು ಬತ್ತಿದ ಹೊಳೆ, ಕೆರೆ, ಜಲಾಶಯಗಳ 196 ತಾಣಗಳಲ್ಲಿ ಅಳತೆ ಮಾಡಿ, ನೀರಿಲ್ಲದ ಈ ಪ್ರದೇಶಗಳು ವರ್ಷಕ್ಕೆ ಸುಮಾರು 12 ಕೋಟಿ ಟನ್ ಇಂಗಾಲವನ್ನು ಗಾಳಿಗೆ ಬಿಡುತ್ತವೆ ಎಂದು ಅಂದಾಜಿಸಿದರು. ಒಳನಾಡ ಜಲಮೂಲಗಳಿಂದ ಹೊರಬರುತ್ತದೆಂದು ಅದುವರೆಗೆ ಲೆಕ್ಕ ಹಾಕಿದ್ದ ಮೊತ್ತಕ್ಕೆ ಇದನ್ನು ಕೂಡಿಸಿದರೆ ಶೇ 6ರಷ್ಟು ಏರಿಕೆ. ನೀರು ಇಲ್ಲದ ಜಾಗವೆಂದು ಆ ಲೆಕ್ಕದಿಂದ ಒಣ ಪಾತ್ರಗಳನ್ನು ಕೈಬಿಡಲಾಗಿತ್ತು.

ಇಂಗಾಲದ ಈ ಕತೆ ಹವಾಮಾನದ ದೃಷ್ಟಿಯಿಂದ ಮುಖ್ಯ. ಆದರೆ ಹೊಳೆದಂಡೆಯ ಊರುಗಳಿಗೆ ತಕ್ಷಣದ ಪ್ರಶ್ನೆ ಸಾರಜನಕದ್ದು.

ಸಾರಜನಕದ ದಾರಿ ಸ್ವಲ್ಪ ಸುತ್ತುಬಳಸಿನದು. ಎಲೆ, ಗೊಬ್ಬರ, ಗಂಜಲದಲ್ಲಿರುವ ಸಾರಜನಕ ಮೊದಲು ಅಮೋನಿಯಂ ಆಗುತ್ತದೆ. ಗಾಳಿಯಾಡುವ ಕಡೆ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಗಾಳಿಯಾಡದ, ನೀರು ತುಂಬಿದ, ಇಂಗಾಲ ಧಾರಾಳವಾಗಿರುವ ಕೆಸರಿನಲ್ಲಿ ಇನ್ನೊಂದು ಬಗೆಯವು ಅದೇ ನೈಟ್ರೇಟನ್ನು ಒಡೆದು ನಿರುಪದ್ರವಿಯಾದ ಸಾರಜನಕ ಅನಿಲವಾಗಿ ಗಾಳಿಗೆ ಮರಳಿಸುತ್ತವೆ. ಈ ಎರಡನೆಯ ಕೆಲಸ ಹೊಳೆಯೊಂದು ಊರಿಗೆ ಪುಕ್ಕಟೆಯಾಗಿ ಮಾಡಿಕೊಡುವ ಶುದ್ಧೀಕರಣ. ಹೊಳೆ ಬತ್ತಿದಾಗ ಕೆಸರಿನೊಳಕ್ಕೆ ಗಾಳಿ ನುಗ್ಗುತ್ತದೆ. ಆಗ ಮೊದಲಿನವರ ಕೆಲಸ ಚುರುಕಾಗುತ್ತದೆ, ಎರಡನೆಯವರದು ನಿಲ್ಲುತ್ತದೆ. ಒಣಗಿ ತೀರ ಬಿರಿಯುವ ತನಕ ನೈಟ್ರೇಟ್ ಹುಟ್ಟುತ್ತಲೇ ಇರುತ್ತದೆ, ಕಳೆಯುವವರು ಇರುವುದಿಲ್ಲ. ಮೊದಲ ಪ್ರವಾಹ ಬಂದಾಗ ಆ ನೈಟ್ರೇಟ್ ನೀರಲ್ಲಿ ಕರಗಿ ಒಂದು ಭಾಗ ಕೆಳಗಿನ ಕಟ್ಟೆಗೆ, ಇನ್ನೊಂದು ಭಾಗ ಮರಳಿನ ಮೂಲಕ ಅಂತರ್ಜಲಕ್ಕೆ ಇಳಿಯುತ್ತದೆ. ಒದ್ದೆಗೂ ಒಣಕ್ಕೂ ನಡುವಿನ ಆ ಸಂಧಿಕಾಲದಲ್ಲಿ ಒಡೆಯುವ ಕೆಲಸ ಅರ್ಧಕ್ಕೇ ನಿಂತರೆ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಬಿಸಿಯೇರಿಸುವ ಅನಿಲ ಅದು.

ಇಲ್ಲಿ ಬಳ್ಳಾರಿ ಜಾಲಿಯ ಬಗ್ಗೆ ಒಂದು ಮಾತು ಹೇಳಬೇಕು. ಸೌದೆ, ಇದ್ದಿಲಿಗೆಂದು ಬೆಳೆಸಿದ ಈ ಗಿಡ ಇಂದು ಬಯಲುಸೀಮೆಯ ಹಳ್ಳಕೊಳ್ಳಗಳನ್ನೆಲ್ಲ ಆಕ್ರಮಿಸಿಕೊಂಡಿದೆ. ಅದು ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ, ಸಾರಜನಕ ತುಂಬಿದ ಎಲೆಯನ್ನು ನದಿಪಾತ್ರದಲ್ಲೇ ಉದುರಿಸುತ್ತದೆ. ಹೊಲದಿಂದ ಹರಿದು ಬರುವ ಗೊಬ್ಬರದ ಜೊತೆಗೆ ಪಾತ್ರದೊಳಗೇ ಒಂದು ಗೊಬ್ಬರದ ಮೂಲ ಬೆಳೆದು ನಿಂತಂತಾಗಿದೆ. ಜಾಲಿ ತೆಗೆಸುವ ಕಾಮಗಾರಿಗಳು ಆಗಾಗ ನಡೆಯುತ್ತವೆ, ಆದರೆ ಅದು ಹರಿವಿಗೆ ಅಡ್ಡಿ ಎಂಬ ಕಾರಣಕ್ಕೆ ಮಾತ್ರ.

ಒಂದು ಚೀಲ ಯೂರಿಯಾ

ಹೊಲದಿಂದ ಬರುವುದೆಷ್ಟು? ಒಂದು ಸರಳ ಗಣಿತ ಮಾಡಬಹುದು. 45 ಕಿಲೋದ ಯೂರಿಯಾ ಚೀಲದಲ್ಲಿ ಶೇ 46 ಸಾರಜನಕ, ಅಂದರೆ ಸುಮಾರು 20.7 ಕಿಲೋ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರಬಹುದು ಎಂಬುದು ನಮ್ಮ ಮಾನಕ ಸಂಸ್ಥೆಯ ಮಿತಿ. ಅದರಲ್ಲಿ ಸಾರಜನಕದ ಪಾಲು ಸುಮಾರು 10 ಮಿಲಿಗ್ರಾಂ. ಹಾಗಾದರೆ ಒಂದು ಚೀಲದ ಸಾರಜನಕ ಪೂರ್ತಿ ನೈಟ್ರೇಟ್ ಆಗಿ ನೀರಿಗೆ ಇಳಿದರೆ 20 ಲಕ್ಷ ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಪೂರ್ತಿ ಇಳಿಯುವುದಿಲ್ಲ, ನಿಜ. ಬೆಳೆ ತನ್ನ ಪಾಲು ತೆಗೆದುಕೊಳ್ಳುತ್ತದೆ, ಸ್ವಲ್ಪ ಗಾಳಿಗೆ ಹೋಗುತ್ತದೆ. ಮೂರರಲ್ಲಿ ಒಂದು ಪಾಲು ಇಳಿದರೂ ಏಳು ಲಕ್ಷ ಲೀಟರ್.

ಯೂರಿಯಾ ಹೆಚ್ಚಾಗಿ ಬೀಳುವುದಕ್ಕೆ ರೈತನನ್ನು ದೂರುವುದು ಸುಲಭ, ಅನ್ಯಾಯವೂ ಹೌದು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಗೆ ತಂದ ಕೇಂದ್ರ ಸರ್ಕಾರ ಯೂರಿಯಾವನ್ನು ಮಾತ್ರ ಅದರ ಹೊರಗೆ ಇಟ್ಟಿತು. ರಂಜಕ, ಪೊಟ್ಯಾಶ್ ಗೊಬ್ಬರಗಳ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗದ ಗೊಬ್ಬರವನ್ನು ಹೆಚ್ಚು ಹಾಕುವುದು ಅಂಗಡಿಯ ಮುಂದೆ ನಿಂತ ಯಾರೇ ಆಗಲಿ ತೆಗೆದುಕೊಳ್ಳುವ ನಿರ್ಧಾರ. 2015ರಲ್ಲಿ ಬೇವು ಲೇಪನ ಕಡ್ಡಾಯವಾಯಿತು, 2018ರಲ್ಲಿ 50 ಕಿಲೋ ಚೀಲ 45 ಕಿಲೋಗೆ ಇಳಿಯಿತು. ಬೆಲೆಯ ಅಸಮತೋಲನ ಹಾಗೆಯೇ ಇದೆ.

ಇದರ ಜೊತೆಗೆ ಬೆಳೆಯೂ ಬದಲಾಗಿದೆ. ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದ ಶೇಂಗಾ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ತಾನೇ ಗಾಳಿಯಿಂದ ಹಿಡಿದುಕೊಳ್ಳುವ ಬೆಳೆ. ನವಣೆ, ಸಜ್ಜೆಗಳು ಅಲ್ಪದಲ್ಲಿ ತೃಪ್ತಿಪಡುವಂಥವು. ಕೊಳವೆ ಬಾವಿಯ ನೀರು ಸಿಕ್ಕ ಕಡೆ ಈರುಳ್ಳಿ, ದಾಳಿಂಬೆ, ಪಪ್ಪಾಯಿ, ಅಡಿಕೆ ಬಂದವು. ಇವು ನೀರನ್ನೂ ಬೇಡುತ್ತವೆ, ಗೊಬ್ಬರವನ್ನೂ ಬೇಡುತ್ತವೆ. ಬರ ತಂದ ಸಾಲ ತೀರಿಸಲು ರೈತ ಬೆಲೆ ಬರುವ ಬೆಳೆಯತ್ತ ಹೊರಳಿದ್ದನ್ನು ತಪ್ಪೆನ್ನಲಾಗದು. ಆದರೆ ಜಲಾನಯನದ ಸಾರಜನಕದ ಲೆಕ್ಕ ಅದರೊಂದಿಗೇ ಬದಲಾಯಿತು ಎಂಬುದನ್ನು ಯೋಜನೆ ರೂಪಿಸುವವರು ಗಮನಿಸಬೇಕಿತ್ತು.

ಪರಿಣಾಮ ಅಂಕಿ ಅಂಶಗಳಲ್ಲಿ ಕಾಣತೊಡಗಿದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ಗುಣಮಟ್ಟ ವರದಿಯಲ್ಲಿ ದೇಶದ ಮಾದರಿಗಳ ಪೈಕಿ ಶೇ 20ರಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ರಾಜಸ್ಥಾನದಲ್ಲಿ ಅದು ಶೇ 49. ಎರಡನೆಯ ಸ್ಥಾನ ಶೇ 48ರೊಂದಿಗೆ ಕರ್ನಾಟಕದ್ದು. ಮಳೆಗಾಲದ ಮೊದಲು ಮತ್ತು ನಂತರ ಒಂದೇ ಬಾವಿಗಳನ್ನು ಹೋಲಿಸಿದಾಗ ಮಿತಿ ಮೀರಿದ ಬಾವಿಗಳ ಪ್ರಮಾಣ ಮಳೆಯ ನಂತರ ಸ್ವಲ್ಪ ಹೆಚ್ಚೇ ಇತ್ತು. ಮಳೆ ಬಂದರೆ ಬಾವಿ ನೀರು ತಿಳಿಯಾಗುತ್ತದೆ ಎಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು. ಮಣ್ಣಿನಲ್ಲಿ, ಹಳ್ಳದ ಪಾತ್ರದಲ್ಲಿ ಬೇಸಿಗೆಯಿಡೀ ಕೂಡಿಟ್ಟದ್ದು ಮಳೆಯೊಂದಿಗೆ ಕೆಳಗಿಳಿಯುತ್ತದೆ ಎಂದು ನೆನಪಿಟ್ಟರೆ ವಿಚಿತ್ರವೇನೂ ಅಲ್ಲ.

ಚಿತ್ರದುರ್ಗ, ತುಮಕೂರು, ಬಳ್ಳಾರಿ ಸೀಮೆಯಲ್ಲಿ ನೀರಿನ ದೋಷವೆಂದರೆ ಫ್ಲೋರೈಡ್ ಎಂದೇ ಜನ ತಿಳಿದಿದ್ದಾರೆ. ಹಲ್ಲಿನ ಕಲೆ, ಬಾಗಿದ ಕಾಲು ಕಣ್ಣಿಗೆ ಕಾಣುತ್ತವೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅದು ಹೆಚ್ಚಾದರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತದೆ. ನೀರನ್ನು ಕುದಿಸಿ ಕುಡಿಸಿ ಎಂದು ನಾವು ಹೇಳುತ್ತ ಬಂದಿದ್ದೇವೆ. ರೋಗಾಣುಗಳ ಮಟ್ಟಿಗೆ ಅದು ಸರಿ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಸಾಂದ್ರತೆ ಏರುತ್ತದೆ. ಊರೂರಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಚೆನ್ನಾಗಿ ಕೆಲಸ ಮಾಡುವಷ್ಟು ದಿನ ಅದನ್ನು ತಗ್ಗಿಸುತ್ತವೆ. ಹೊರಹಾಕಿದ ತ್ಯಾಜ್ಯ ನೀರು ಪಕ್ಕದ ಚರಂಡಿಗೆ, ಅಲ್ಲಿಂದ ಹಳ್ಳಕ್ಕೇ ಸೇರುತ್ತದೆ ಎಂಬುದು ಬೇರೆ ಮಾತು.

ಸ್ಪೇನಿನಿಂದ ಬಂದಿರುವ ಎಚ್ಚರಿಕೆ

ಭದ್ರಾ ಮೇಲ್ದಂಡೆಯ ಕುರಿತು ಮಾತಾಡುವಾಗ ಸ್ಪೇನಿನ ಆಗ್ನೇಯ ಮೂಲೆಯ ಮುರ್ಸಿಯಾ ಪ್ರಾಂತ್ಯವನ್ನು ನೆನೆಯದೆ ಇರಲಾಗದು. ಹೋಲಿಕೆ ದೂರದ್ದೆನಿಸಿದರೂ ವಿವರಗಳು ಹತ್ತಿರದವು. ಅಲ್ಲಿನ ಕಾರ್ತಹೇನಾ ಬಯಲು ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ ಕಾಣುವ ಒಣ ಪ್ರದೇಶ. ಹೊಳೆಗಳನ್ನು ಅಲ್ಲಿ 'ರಾಂಬ್ಲಾ' ಎನ್ನುತ್ತಾರೆ. ವರ್ಷವಿಡೀ ಒಣಗಿದ್ದು ಬಿರುಮಳೆಗೆ ಮಾತ್ರ ಹರಿಯುವ ಹಳ್ಳಗಳು. 1979ರಲ್ಲಿ ತಾಹೋ ನದಿಯ ನೀರನ್ನು ಕಾಲುವೆಯ ಮೂಲಕ ಸೆಗುರಾ ಕಣಿವೆಗೆ ತಿರುಗಿಸಲಾಯಿತು. ಒಣ ಬಯಲು ಯುರೋಪಿನ ತರಕಾರಿ ತೋಟವಾಯಿತು. ಸಂಪತ್ತು ಬಂದದ್ದು ಸುಳ್ಳಲ್ಲ.

ಸಾರಜನಕವೂ ಬಂತು. ಒಣ ಹಳ್ಳಗಳು, ಅದರಲ್ಲೂ ಅಲ್ಬುಹೋನ್ ಎಂಬ ರಾಂಬ್ಲಾ, ಹೊಲಗಳಿಂದ ಬಸಿದ ನೈಟ್ರೇಟ್ ನೀರಿನ ಹೊರದಾರಿಯಾದವು, ಅಂತರ್ಜಲವೂ ತುಂಬಿಕೊಂಡಿತು. ಕೊನೆಗೆ ಅದು ಸೇರಿದ್ದು ಮಾರ್ ಮೆನೋರ್ ಎಂಬ 135 ಚದರ ಕಿ.ಮೀ. ವಿಸ್ತಾರದ ಉಪ್ಪುನೀರಿನ ಹಿನ್ನೀರಿಗೆ. 2016ರಲ್ಲಿ ಆ ಹಿನ್ನೀರು ಪಾಚಿಯಿಂದ ಹಸಿರು ಗಂಜಿಯಂತಾಯಿತು. 2019ರ ಸೆಪ್ಟೆಂಬರಿನಲ್ಲಿ ಸುರಿದ ಬಿರುಮಳೆ ಹಳ್ಳಗಳನ್ನೆಲ್ಲ ಒಮ್ಮೆಲೇ ತೊಳೆದು ತಂದ ಮೇಲೆ ಅಕ್ಟೋಬರಿನಲ್ಲಿ ಆಮ್ಲಜನಕ ಸಿಗದೆ ರಾಶಿ ರಾಶಿ ಮೀನು ದಡಕ್ಕೆ ಬಂದು ಸತ್ತವು. 2021ರ ಆಗಸ್ಟಿನಲ್ಲಿ ಅದು ಮರುಕಳಿಸಿತು. ಆರು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ ಜನರ ಒತ್ತಾಯದಿಂದ 2022ರಲ್ಲಿ ಸ್ಪೇನ್ ಸಂಸತ್ತು ಹಿನ್ನೀರಿಗೆ ಕಾನೂನುಬದ್ಧ ವ್ಯಕ್ತಿತ್ವವನ್ನೇ ಕೊಡಬೇಕಾಯಿತು. 2024ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು.

ಇದರಲ್ಲಿ ನಮಗೆ ನೇರವಾಗಿ ತಟ್ಟುವ ಅಂಶವೊಂದಿದೆ. ಭದ್ರಾ ಮೇಲ್ದಂಡೆ 2,25,515 ಹೆಕ್ಟೇರಿಗೆ ಹನಿ ಮತ್ತು ತುಂತುರು ನೀರಾವರಿ ಒದಗಿಸುವ ಯೋಜನೆ. 367 ಕೆರೆಗಳನ್ನೂ ತುಂಬಿಸಬೇಕಿದೆ. ಹನಿ ನೀರಾವರಿಯಲ್ಲಿ ನೀರು ಪೋಲಾಗುವುದಿಲ್ಲ, ಗೊಬ್ಬರವೂ ಬೇರಿಗೇ ತಲುಪುತ್ತದೆ, ಹಾಗಾಗಿ ಮಾಲಿನ್ಯದ ಭಯವಿಲ್ಲ ಎಂಬ ವಾದ ಕೇಳಿಬರುವುದು ಖಚಿತ. ಕಾಲುವೆಯಲ್ಲಿ ಹರಿಬಿಡುವುದಕ್ಕಿಂತ ಹನಿ ನೀರಾವರಿ ಎಷ್ಟೋ ಮೇಲು ಎಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಕಾರ್ತಹೇನಾ ಬಯಲಿನಲ್ಲಿ ಇದ್ದದ್ದೂ ಬಹುಪಾಲು ಹನಿ ನೀರಾವರಿಯೇ. ಒಂದು ಎಕರೆಯಲ್ಲಿ ಸೋರುವುದು ಕಡಿಮೆಯಾದರೂ ಎಕರೆಗಳ ಸಂಖ್ಯೆ ಏರಿದಾಗ, ವರ್ಷಕ್ಕೆ ಒಂದು ಬೆಳೆಯ ಕಡೆ ಎರಡು ಮೂರು ಬೆಳೆ ಬಂದಾಗ ಒಟ್ಟು ಮೊತ್ತ ಏರುತ್ತದೆ. ಬೇರಿನ ಸುತ್ತ ಉಳಿದದ್ದು ಒಂದು ದೊಡ್ಡ ಮಳೆಗೆ ತೊಳೆದು ಹೋಗುತ್ತದೆ.

ಮುರ್ಸಿಯಾ ವಿಶ್ವವಿದ್ಯಾಲಯದ ರೋಸಾ ಗೊಮೆಸ್, ಮರಿಯಾ ಇಸಾಬೆಲ್ ಆರ್ಸೆ ಮೊದಲಾದ ಸಂಶೋಧಕರು ಅಲ್ಲಿನ ಒಣ ಹೊಳೆಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಒಣಗುವಾಗ ಕೆಸರಿನಲ್ಲಿ ನೈಟ್ರೇಟ್ ಕೂಡುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಗಿದೆ. ಜೊತೆಗೆ ಭರವಸೆಯ ಸಂಗತಿಯೂ ಇದೆ: ಮತ್ತೆ ನೆನೆದಾಗ ನೈಟ್ರೇಟ್ ಒಡೆಯುವ ಸೂಕ್ಷ್ಮಜೀವಿಗಳು ಬೇಗನೆ ಚೇತರಿಸಿಕೊಳ್ಳುತ್ತವೆ. ಅವಕ್ಕೆ ಬೇಕಾದದ್ದು ಎರಡು. ಉಣ್ಣಲು ಇಂಗಾಲ, ಕೆಲಸ ಮಾಡಲು ಸಮಯ. ನೀರು ಕೆಸರಿನ, ಮರಳಿನ ಒಳಗೆ ನಿಧಾನವಾಗಿ ನಡೆಯಬೇಕು.

ಮರಳು ತೆಗೆದರೆ ಹೋಗುವುದೇನು

ಇಂಗಾಲ ಮತ್ತು ಸಾರಜನಕದ ಕತೆಗಳು ಇಲ್ಲಿ ಕೂಡುತ್ತವೆ, ಮರಳಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಹಗರಿಯ ಮರಳು ಬೆಂಗಳೂರಿನ ಕಟ್ಟಡಗಳಿಗೆ ಹೋದ ಕತೆ ಹೊಸದಲ್ಲ. ಮರಳುಗಾರಿಕೆಯ ವಿರುದ್ಧ ನಾವು ಇದುವರೆಗೆ ಹೇಳುತ್ತ ಬಂದ ವಾದ ನೀರಿನ ಪ್ರಮಾಣದ್ದು: ಮರಳು ಹೋದರೆ ನೀರು ಇಂಗುವುದಿಲ್ಲ, ಬಾವಿ ಬತ್ತುತ್ತದೆ. ಸರಿಯಾದ ವಾದವೇ. ಗುಣಮಟ್ಟದ ವಾದವನ್ನು ಅದಕ್ಕೆ ಸೇರಿಸಬೇಕಾಗಿದೆ. ಮರಳು ತಾನಾಗಿ ನೈಟ್ರೇಟನ್ನು ಸೋಸುವುದಿಲ್ಲ. ಕರಗಿದ ಉಪ್ಪನ್ನು ಯಾವ ಜರಡಿಯೂ ಹಿಡಿಯಲಾರದು. ಆದರೆ ಮರಳಿನ ಕಣಗಳ ನಡುವೆ ಸಿಕ್ಕಿಕೊಂಡ ಹೂಳು, ಕೊಳೆತ ಎಲೆ, ಅವನ್ನು ಅಂಟಿಕೊಂಡ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಆಳವಾದ ಮರಳ ಹಾಸಿಗೆ ನೀರನ್ನು ತಡೆದು ಅವಕ್ಕೆ ಸಮಯ ಕೊಡುತ್ತದೆ. ಮರಳನ್ನು ಗಟ್ಟಿ ನೆಲ ಕಾಣುವ ತನಕ ಬಗೆದರೆ ಪ್ರವಾಹ ಜಾರಿಕೊಂಡು ಹೋಗುತ್ತದೆ. ಸುತ್ತಲ ಹೊಲಗಳ ಸಾರಜನಕ ಮೊದಲಿನಷ್ಟೇ ಬರುತ್ತದೆ, ಕಳೆಯುವ ಜಾಗ ಮಾತ್ರ ಇರುವುದಿಲ್ಲ.

2012ರ ದೀಪಕ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಕಿರಿದಾದ ಮರಳು ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದಿತು. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸುಸ್ಥಿರ ಮರಳುಗಾರಿಕೆಗೆ ಮಾರ್ಗಸೂಚಿ ತಂದಿತು, 2020ರಲ್ಲಿ ನಿಗಾ ವ್ಯವಸ್ಥೆಗೆ ಇನ್ನೊಂದನ್ನು ಸೇರಿಸಿತು. ಇವುಗಳ ತರ್ಕ ಮುಖ್ಯವಾಗಿ ಮರಳು ಎಷ್ಟು ಮರುಪೂರಣವಾಗುತ್ತದೆ, ಸೇತುವೆ ದಡಗಳಿಗೆ ಧಕ್ಕೆಯಾಗುತ್ತದೆಯೇ ಎಂಬುದರ ಸುತ್ತ ಸುತ್ತುತ್ತದೆ. ಗುತ್ತಿಗೆ ಪ್ರದೇಶದ ಕೆಳಗಿನ ಊರು ಕುಡಿಯುವ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ, ಮರಳು ತೆಗೆದ ಎರಡು ವರ್ಷದ ಮೇಲೆ ಎಷ್ಟಾಯಿತು ಎಂಬ ಪ್ರಶ್ನೆಯನ್ನು ಅನುಮತಿಯ ಷರತ್ತಾಗಿಸುವುದು ಕಷ್ಟದ ಕೆಲಸವೇನಲ್ಲ.

ಬಿಟ್ಟ ನೀರು, ಮೊದಲ ನೀರು

ಇನ್ನೊಂದು ಸಂಗತಿ ವೇದಾವತಿಗೇ ವಿಶಿಷ್ಟ. 2020ರ ಬೇಸಿಗೆಯಲ್ಲಿ ವಾಣಿವಿಲಾಸ ಸಾಗರದಿಂದ ಚಳ್ಳಕೆರೆ ತಾಲ್ಲೂಕಿನ ಕಡೆಗೆ ನದಿಪಾತ್ರದ ಮೂಲಕ ನೀರು ಹರಿಸುವ ವಿಚಾರದಲ್ಲಿ ಹಿರಿಯೂರು ಮತ್ತು ಚಳ್ಳಕೆರೆ ಭಾಗದವರ ನಡುವೆ ವಿವಾದ ಎದ್ದಿತ್ತು. ವಾದವೆಲ್ಲ ನೀರು ಯಾರ ಪಾಲು ಎಂಬುದರದ್ದು. ಒಣಗಿದ ಪಾತ್ರದಲ್ಲಿ ಕಡು ಬೇಸಿಗೆಯಲ್ಲಿ ನೀರು ಬಿಟ್ಟಾಗ ಅದರ ಮುಂದಲೆ ಹೊತ್ತೊಯ್ಯುವುದು ವರ್ಷದ ಕಸ, ಗೊಬ್ಬರ, ನೈಟ್ರೇಟ್ ಎಂಬುದು ಯಾರ ವಾದದಲ್ಲೂ ಇರಲಿಲ್ಲ. ಅಣೆಕಟ್ಟೆಯ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿರುವ ಕೆಲಸ, ಮಳೆಯಂತೆ ಆಕಸ್ಮಿಕವಲ್ಲ. ಹಾಗಾಗಿ ಇಂಥ ಬಿಡುಗಡೆ ಅಳತೆಗೆ ಒದಗುವ ಅತ್ಯುತ್ತಮ ಸಂದರ್ಭ. ಬಾಗಿಲು ತೆರೆಯುವ ಮುನ್ನ ಪಾತ್ರದ ಕೆಸರನ್ನೂ, ತೆರೆದ ಮೇಲೆ ಮೊದಲ ನೀರನ್ನೂ, ವಾರದ ನಂತರ ದಂಡೆಯ ಬಾವಿಗಳ ನೀರನ್ನೂ ಪರೀಕ್ಷಿಸಿದರೆ ನಮ್ಮದೇ ಹೊಳೆಯ ನಮ್ಮದೇ ಅಂಕಿಗಳು ಸಿಗುತ್ತವೆ. ಮುರ್ಸಿಯಾದ ಅಂಕಿಗಳನ್ನು ಎರವಲು ತರುವ ಅಗತ್ಯ ಇರುವುದಿಲ್ಲ. ಹಿರಿಯೂರಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಮಣ್ಣು ಪರೀಕ್ಷೆಗೆ ಬೇಕಾದ ವಿದ್ಯೆ ಅಲ್ಲಿ ಇದ್ದೇ ಇದೆ.

ನದಿಯ ಗುಣಮಟ್ಟವನ್ನು ನಾವು ಅಳೆಯುವ ಕ್ರಮವೂ ಇದಕ್ಕೆ ಹೊಂದಿಕೊಳ್ಳಬೇಕು. ಅಧಿಕಾರಿ ನಿಗದಿಯಾದ ದಿನ ಬಾಟಲಿ ಹಿಡಿದು ಹೊಳೆಗೆ ಹೋದಾಗ ನೀರಿಲ್ಲದಿದ್ದರೆ ಆ ತಿಂಗಳ ಸಾಲು ಖಾಲಿ. ಆದರೆ ವರ್ಷದ ನೈಟ್ರೇಟಿನ ಬಹುಪಾಲು ಸಾಗುವುದು ಎರಡು ಮೂರು ಪ್ರವಾಹದ ದಿನಗಳಲ್ಲಿ, ಅದರಲ್ಲೂ ಮೊದಲನೆಯದರಲ್ಲಿ. ಮೊದಲ ನೀರು ಬಂದ ರಾತ್ರಿಯೇ ಮಾದರಿ ತೆಗೆಯಲು ಹೊಳೆದಂಡೆಯ ಗ್ರಾಮ ಪಂಚಾಯಿತಿಗಿಂತ ಸಮರ್ಥರು ಯಾರೂ ಇಲ್ಲ. ಜಲ ಜೀವನ್ ಮಿಷನ್ ಅಡಿ ಊರಿನ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಕೆಯ ತರಬೇತಿ ಕೊಟ್ಟಿರುವಾಗ ಹೊಸ ಹುದ್ದೆ ಸೃಷ್ಟಿಸುವ ಪ್ರಮೇಯವೂ ಇಲ್ಲ.

ನೀರಿಗಾಗಿ ಹೋರಾಡಿದವರು ಈ ಪ್ರಶ್ನೆಗಳನ್ನು ಯೋಜನೆಯ ವಿರೋಧವೆಂದು ತಿಳಿಯುವ ಅಪಾಯವಿದೆ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ನೆರವಿಗಾಗಿ ರಾಜ್ಯ ಹಗ್ಗಜಗ್ಗಾಟ ನಡೆಸಿರುವಾಗ ಇಂಥ ಮಾತು ಕೇಂದ್ರಕ್ಕೆ ನೆಪವಾದೀತು ಎಂಬ ಅಳುಕೂ ಸಹಜ. ಚಿತ್ರದುರ್ಗದ ರೈತನಿಗೆ ನೀರು ಬೇಡ ಎನ್ನುವ ಹಕ್ಕು ಬೆಂಗಳೂರಿನ ನಲ್ಲಿ ನೀರು ಕುಡಿಯುವ ಯಾರಿಗೂ ಇಲ್ಲ. ಕೇಳುತ್ತಿರುವುದು ಇಷ್ಟೇ: 21,473 ಕೋಟಿ ರೂಪಾಯಿಯ ಯೋಜನೆಯಲ್ಲಿ ಎಷ್ಟು ಟಿಎಂಸಿ ಬರುತ್ತದೆ ಎಂದು ಬರೆದ ಹಾಳೆಯ ಪಕ್ಕದಲ್ಲೇ, ಆ ನೀರಿನ ಬೆಳೆಗೆ ಎಷ್ಟು ಸಾರಜನಕ ಬೀಳುತ್ತದೆ, ಎಷ್ಟು ಬೆಳೆಯಲ್ಲಿ ಹೊರಹೋಗುತ್ತದೆ, ಉಳಿದದ್ದು ಯಾವ ಹಳ್ಳದಲ್ಲಿ ಸೇರುತ್ತದೆ ಎಂದು ಬರೆಯುವ ಇನ್ನೊಂದು ಹಾಳೆ ಇರಲಿ. 2019ರಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯಲ್ಲಿ ಸಾರಜನಕದ ಸುಸ್ಥಿರ ನಿರ್ವಹಣೆಯ ನಿರ್ಣಯ ಮಂಡಿಸಿದ ದೇಶ ಭಾರತವೇ ಆಗಿತ್ತು.

ಮಳೆಗಾಲಕ್ಕೆ ಮುನ್ನ ಹಿರಿಯೂರಿನಿಂದ ಪರಶುರಾಂಪುರದ ತನಕ ಹೊಳೆಯುದ್ದಕ್ಕೂ ಹತ್ತು ಕಡೆ ಒಂದಡಿ ಆಳದ ಮರಳು ತೆಗೆದು ಪರೀಕ್ಷಿಸಲು ತಗಲುವ ವೆಚ್ಚ, ಬಾಗಿನ ಅರ್ಪಣೆಯ ಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು. ಆ ಹತ್ತು ಮಾದರಿಗಳ ಫಲಿತಾಂಶ ಬಂದ ಮೇಲೆ ಯಾವ ದಂಡೆಯಲ್ಲಿ ಗೊಬ್ಬರಕ್ಕೆ ಕಡಿವಾಣ ಬೇಕು, ಎಲ್ಲಿ ಹೊಂಗೆಯ ಸಾಲಿನ ಬದಲು ಸಾರಜನಕ ಹೀರುವ ಹುಲ್ಲು ಬೆಳೆಸಬೇಕು, ಯಾವ ಗುತ್ತಿಗೆ ನಿಲ್ಲಿಸಬೇಕು ಎಂಬ ಚರ್ಚೆಯನ್ನು ಆರಂಭಿಸಬಹುದು.